ಲಂಗರಿಗೊಂದು ಶಹಬ್ಬಾಸ್

ಬ್ರಿಟಿಷ್ ವರ್ಜಿನ್ ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ಸುತ್ತಿದವರು ಹಾಯಿಯನ್ನೇ ಹೊಗಳುತ್ತಾರೆ. ಅಲ್ಲಿನ ವಾಣಿಜ್ಯ ಮಾರುತ ಎಂಥವರನ್ನೂ ನಾವಿಕರನ್ನಾಗಿಸುತ್ತದೆ ಬಿಡಿ. ನನ್ನ ಮೆಚ್ಚುಗೆಯೆಲ್ಲ ಲಂಗರಿಗೆ.

ನೇಗಿಲಿನ ಕುಳದಂತಿರುವ ಸಿ.ಕ್ಯು.ಆರ್. ಲಂಗರನ್ನು 1933ರಲ್ಲಿ ರೂಪಿಸಿದವರು ಕೇಂಬ್ರಿಜ್‌ನ ಭೌತವಿಜ್ಞಾನಿ ಜಿ.ಐ. ಟೇಲರ್, ಸ್ವತಃ ಹಾಯಿದೋಣಿಯ ಹುಚ್ಚು ಹತ್ತಿಸಿಕೊಂಡಿದ್ದವರು. ಅದರ ಹಿಡಿತವಿರುವುದು ತೂಕಕ್ಕಿಂತ ಹೆಚ್ಚಾಗಿ ಎಳೆತದ ಕೋನದಲ್ಲಿ. 5 ಮೀಟರ್ ಆಳಕ್ಕೆ ಕಡಿಮೆಯೆಂದರೂ 25 ಮೀಟರ್ ಸರಪಳಿ ಬಿಡಬೇಕು. ಆಗ ಎಳೆತ ನೆಲಕ್ಕೆ ಹತ್ತಿಕೊಂಡೇ ಬಂದು, ಮೊನೆ ಮರಳನ್ನು ಬಗೆಯುತ್ತ ಒಳಗಿಳಿಯುತ್ತದೆ. ಸರಪಳಿಯಲ್ಲಿ ಜಿಪುಣತನ ಮಾಡಿದರೆ ರಾತ್ರಿಯ ನಿದ್ದೆಗೆ ಸಂಚಕಾರ.

ಬೆಚ್ಚನೆಯ ತಿಳಿನೀರಿನ ನಿಜವಾದ ಐಷಾರಾಮವೆಂದರೆ, ಈಜುಗನ್ನಡಕ ಹಾಕಿ ಮುಳುಗಿ, ಲಂಗರು ಹೂತಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಬರಬಹುದು. ಹವಳದ ಮೇಲೆ ಮಾತ್ರ ಬಿಡಕೂಡದು: ನೀರು ತಿಳಿಹಸಿರಾಗಿ ಕಂಡರೆ ಸಾಮಾನ್ಯವಾಗಿ ಮರಳು, ಕಂದಾಗಿದ್ದರೆ ಹವಳ.