ಫಲಕದಲ್ಲಿ ಕಾಣದ ಉಪ್ಪು

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಳಿಗೆಗಳುಳ್ಳ ಉಪಾಹಾರಗೃಹಗಳು ತಿನಿಸಿನ ಬೆಲೆಯೊಡನೆ ಅದರ ಕ್ಯಾಲೊರಿಯನ್ನೂ ಫಲಕದಲ್ಲಿ ಬರೆಯತಕ್ಕದ್ದೆಂಬ ಪದ್ಧತಿಯು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳಿಂದ ನಮ್ಮಲ್ಲಿ ನೆಲೆಗೊಂಡಿತು. ಆದರೆ ರಕ್ತದೊತ್ತಡವುಳ್ಳವನು ಮೊದಲು ಕೇಳುವ ಉಪ್ಪಿನ ಪ್ರಶ್ನೆಗೆ ಆ ಫಲಕವು ಮೌನವನ್ನೇ ಉತ್ತರವಾಗಿ ಕೊಡುತ್ತದೆ. ಕೇಳಿದವರಿಗೆ ಮಾತ್ರ ಕೊಡಬೇಕಾದ ವಿವರಗಳ ಗುಂಪಿಗೆ ಅದನ್ನು ನೂಕಲಾಗಿದೆ.

ಅಂತಹದೊಂದು ಮಳಿಗೆಯಲ್ಲಿ ನಾನು ಕೇಳಿದೆನು. ಕೌಂಟರಿನ ಹುಡುಗನು "ಕ್ಯಾಲೊರಿ ಬೋರ್ಡ್ ಮೇಲೇ ಇದೆಯಲ್ಲ ಸಾರ್" ಎಂದು ಗೊಣಗಿ, ಒಳಹೋಗಿ, ಸಾಸಿನ ಕಲೆ ಬಿದ್ದ ಹಾಳೆಯೊಂದನ್ನು ತಂದಿಟ್ಟನು. ಅದರಲ್ಲಿ ಉಪ್ಪೆಂಬ ಪದವೇ ಇರಲಿಲ್ಲ. ಇದ್ದುದು ಸೋಡಿಯಂ, ಅದೂ ಮಿಲಿಗ್ರಾಮಿನಲ್ಲಿ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ದೊರೆಯುವುದು: 800 ಮಿಲಿಗ್ರಾಂ ಸೋಡಿಯಮ್ಮೆಂದರೆ 2 ಗ್ರಾಂ ಉಪ್ಪು, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯು ದಿನವೊಂದಕ್ಕೆ ವಿಧಿಸಿರುವ 5 ಗ್ರಾಮಿನ ಮಿತಿಯಲ್ಲಿ ಐದರಲ್ಲೆರಡು ಪಾಲು. ಹಸಿದು ಬಂದವನು ಸರದಿಯಲ್ಲಿ ನಿಂತು ಈ ಲೆಕ್ಕವನ್ನು ಮಾಡುವನೆಂದು ನಂಬಿದವರ ಆಶಾವಾದವು ಮೆಚ್ಚತಕ್ಕದ್ದೇ ಸರಿ.

ನಾಲಿಗೆಯನ್ನೇ ನಂಬೋಣವೆಂದರೆ, ಫ್ರೈಸಿನ ಮೇಲೆ ಉದುರಿಸಿದ ಹರಳು ಮುಟ್ಟಿದೊಡನೆ ತನ್ನನ್ನು ಸಾರಿಕೊಳ್ಳುವುದಾದರೂ, ಬನ್ನಿನ ಹಿಟ್ಟಿನೊಡನೆ ನಾದಿಹೋದ, ಚೀಸಿನೊಳಗೆ ಕರಗಿದ, ಕೆಚಪ್ಪಿನ ಸಿಹಿಹುಳಿಗಳ ಮರೆಯಲ್ಲಿ ಕುಳಿತ ಉಪ್ಪು ಸದ್ದಿಲ್ಲದೆ ಗಂಟಲಿಳಿಯುತ್ತದೆ. ನಾಲಿಗೆಗೆ ಸಿಗದ ಈ ಉಪ್ಪನ್ನು ಅಳೆಯುವ ಪ್ರಯೋಗಶಾಲೆಯ ಹಳೆಯ ಮೋರ್ ವಿಧಾನದಲ್ಲಿ, ಹಳದಿ ದ್ರವಕ್ಕೆ ಸಿಲ್ವರ್ ನೈಟ್ರೇಟನ್ನು ತೊಟ್ಟುತೊಟ್ಟಾಗಿ ಬಿಟ್ಟು, ಅದು ಇಟ್ಟಿಗೆಗೆಂಪಿಗೆ ತಿರುಗಿದ ಗಳಿಗೆಯಲ್ಲಿ ನಿಲ್ಲಿಸುವರು. ಆದರೆ ಅಳೆದದ್ದು ಕ್ಲೋರೈಡನ್ನೇ ಹೊರತು ಸೋಡಿಯಮ್ಮನ್ನಲ್ಲವಾದ್ದರಿಂದ, ಅಜಿನೊಮೊಟೊ, ಅಡುಗೆ ಸೋಡಾಗಳ ಸೋಡಿಯಂ ಆ ಬಲೆಯಿಂದ ನುಸುಳಿಹೋಗುತ್ತದೆ. ಆದುದರಿಂದ ಹಾಳೆಯು ಸೋಡಿಯಮ್ಮನ್ನು ಹೇಳುವುದು ಶಾಸ್ತ್ರದೃಷ್ಟಿಯಿಂದ ತಪ್ಪಲ್ಲ. ತಪ್ಪಿರುವುದು ಅದನ್ನು ಒಳಕೋಣೆಯಲ್ಲಿರಿಸಿದುದರಲ್ಲಿ. ನ್ಯೂಯಾರ್ಕ್ ನಗರವು 2015ರ ಡಿಸೆಂಬರಿನಿಂದ, 2300 ಮಿಲಿಗ್ರಾಂ ಸೋಡಿಯಂ ಮುಟ್ಟಿದ ತಿನಿಸಿನ ಪಕ್ಕದಲ್ಲಿ ಸರಣಿ ಹೋಟೆಲುಗಳು ತ್ರಿಕೋನದೊಳಗೊಂದು ಉಪ್ಪಿನ ಕುಡಿಕೆಯನ್ನು ಚಿತ್ರಿಸತಕ್ಕದ್ದೆಂದು ವಿಧಿಸಿತು. ಮಿತಿಯು ಅತಿ ಉದಾರವಾದುದು. ಒಂದೇ ತಿನಿಸು ದಿನದ ಪಾಲನ್ನೆಲ್ಲ ನುಂಗಿದ ಮೇಲಷ್ಟೆ ಆ ಚಿತ್ರವು ಮೂಡುತ್ತದೆ. ಆದರೂ ಅದಕ್ಕೆ ಗುಣಾಕಾರ ಬೇಡ.

ನಮ್ಮ ಬೀದಿಯ ಗೋಬಿ ಮಂಚೂರಿಯ ಗಾಡಿಗೆ ಈ ಯಾವ ಫಲಕವೂ ಅನ್ವಯಿಸದು. 2024ರಲ್ಲಿ ಸರ್ಕಾರವು ಅದರ ಕೃತಕ ಬಣ್ಣವನ್ನು ನಿಷೇಧಿಸಿತು, ಉಪ್ಪನ್ನು ವಿಚಾರಿಸಲಿಲ್ಲ. ಎಷ್ಟು ಹಾಕುವಿರೆಂದು ನಾನು ಕೇಳಿದಾಗ, ಬಾಣಲೆಯಿಂದ ಕಣ್ಣು ತೆಗೆಯದೆ ಗಾಡಿಯವನೆಂದನು: "ಸೋಯಾ ಸಾಸಲ್ಲೇ ಇರುತ್ತೆ ಸಾರ್, ಬೇರೆ ಹಾಕಿದ್ರೆ ಬಾಯಿಗಿಡೋಕಾಗಲ್ಲ."