ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಯಾರಿಗೆ ಸರಿ, ಯಾರಿಗೆ ಬೇಡ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾಗಿರಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆ, ಶಾಲೆ, ಜೆರಾಕ್ಸ್ ಅಂಗಡಿಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವನ್ನು ಗುಜರಿಗೆ ಹಾಕುವುದು ದುಂದು. ಕಳ್ಳಪ್ರತಿ ಹಾಕಿ ನಡೆಸುವುದು ಅಪಾಯ. ಉಳಿದ ದಾರಿ, ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್. ಅದು ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಲ್ಲ. ನಮ್ಮ ಕನ್ನಡದ ಕೆಲಸ ಅದರಲ್ಲಿ ನಡೆಯುತ್ತದೆಯೇ ಎಂಬುದೇ ಒರೆಗಲ್ಲು.

ಲಿನಕ್ಸಿನಲ್ಲಿ ನೂರಾರು ಬಗೆಗಳಿವೆ, ಹೊಸಬರು ತಬ್ಬಿಬ್ಬಾಗುವುದೂ ಅಲ್ಲೇ. ಹೊಸತನಕ್ಕೆ ಮರುಳಾಗದೆ, ದೀರ್ಘಕಾಲ ಸುರಕ್ಷತಾ ಅಪ್‌ಡೇಟ್ ಸಿಗುವುದನ್ನು ಆರಿಸುವುದು ಜಾಣತನ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ್‍ಯಾಮಿನಲ್ಲೂ ನಡೆಯುತ್ತದೆ. 8 ಜಿಬಿ ಪೆನ್‌ಡ್ರೈವಿಗೆ ಬರೆದುಕೊಂಡರೆ ಹಾರ್ಡ್‌ಡಿಸ್ಕ್ ಮುಟ್ಟದೆ ಅದರಿಂದಲೇ ನಡೆಸಿ ನೋಡಬಹುದು. ವೈಫೈ, ಶಬ್ದ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಂಡ ಮೇಲಷ್ಟೇ ಇನ್‌ಸ್ಟಾಲ್ ಗುಂಡಿ ಒತ್ತಬೇಕು. ಡಿಸ್ಕ್ ಅಳಿಸುವ ಆಯ್ಕೆ ಒಪ್ಪಿದರೆ ಹಳೆಯದೆಲ್ಲ ಹೋಗುತ್ತದೆ.

ಕನ್ನಡದ ಒರೆಯಲ್ಲಿ ಲಿನಕ್ಸ್ ಗೆಲ್ಲುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಬೇಕಾದ ಕಗಪ ಕೀಲಿಮಣೆ ವಿನ್ಯಾಸ ಅದರ ಕೀಬೋರ್ಡ್ ಸೆಟ್ಟಿಂಗಿನಲ್ಲೇ ಇದೆ, ಆರಿಸಿಕೊಂಡರೆ ಸಾಕು. ಮೂಡುವ ಅಕ್ಷರ ಯುನಿಕೋಡ್ ಆದ್ದರಿಂದ ಮೊಬೈಲಿನಲ್ಲೂ ಜಾಲತಾಣದಲ್ಲೂ ಹಾಗೆಯೇ ಓದಿಸಿಕೊಳ್ಳುತ್ತದೆ.

ಆಕ್ಷೇಪಗಳೂ ಹುರುಳಿಲ್ಲದವಲ್ಲ. ಡಿಟಿಪಿ ಅಂಗಡಿಯ ವರ್ಷಗಟ್ಟಲೆಯ ಮದುವೆ ಪತ್ರ, ಕರಪತ್ರಗಳು ಪೇಜ್‌ಮೇಕರಿನಲ್ಲಿ, ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಪಠ್ಯವನ್ನು ಯುನಿಕೋಡಿಗೆ ತರಲು ಪರಿವರ್ತಕಗಳಿವೆ, ಪುಟವಿನ್ಯಾಸ ಮಾತ್ರ ಹಾಗೇ ಬರುವುದಿಲ್ಲ. ಅಂಗಡಿಗಳಿಗೆ ಚಿರಪರಿಚಿತವಾದ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನಲ್ಲಿ ಸತಾಯಿಸುತ್ತದೆ. ಲೆಕ್ಕದವರ ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ್ದು. ಇಂಥವರು ಬದಲಾಗಬೇಕೆಂದು ಹಠ ಹಿಡಿಯುವುದು ತಪ್ಪು. ಆದರೆ ಕೆಟ್ಟರೆ ಸರಿಮಾಡುವವರು ಊರಿನಲ್ಲಿ ಇಲ್ಲ ಎಂಬ ಆಕ್ಷೇಪ ಬೇರೆ ಬಗೆಯದು. ಅದು ತಂತ್ರಾಂಶದ ದೋಷವಲ್ಲ, ತರಬೇತಿಯ ಕೊರತೆ. ಕೇರಳದ ಸರ್ಕಾರಿ ಶಾಲೆಗಳು ಶಿಕ್ಷಕರನ್ನು ತಯಾರು ಮಾಡಿಕೊಂಡೇ ಸ್ವತಂತ್ರ ತಂತ್ರಾಂಶಕ್ಕೆ ಬದಲಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಂದು ಲಿನಕ್ಸಿನಲ್ಲೇ, ಕನ್ನಡದ ಪಠ್ಯಪುಸ್ತಕ ಹಿಡಿದು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿ ಆದದ್ದು ಇಲ್ಲಿ ಆಗದು ಎನ್ನಲು ಕಾರಣವಿಲ್ಲ.

ಹಾಗಾಗಿ ಡಿಟಿಪಿ ಮತ್ತು ಲೆಕ್ಕದ ಯಂತ್ರಗಳು ಸದ್ಯಕ್ಕೆ ವಿಂಡೋಸಿನಲ್ಲೇ ಇರಲಿ. ಬ್ರೌಸರ್, ಪತ್ರ, ಪಾಠಗಳಿಗಷ್ಟೇ ಬಳಕೆಯಾಗುವ ವಿದ್ಯಾರ್ಥಿಗಳ, ಶಾಲೆಗಳ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಕಂಪ್ಯೂಟರಿಗೆ ಲಿನಕ್ಸೇ ಸರಿಯಾದ ಆಯ್ಕೆ. ಈ ನಾಲ್ಕು ಊರುಗಳ ಪಾಲಿಟೆಕ್ನಿಕ್, ಐಟಿಐ, ಪದವಿ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ ಇನ್‌ಸ್ಟಾಲ್ ಮತ್ತು ದುರಸ್ತಿ ಕಲಿಸಿ, ಅವರನ್ನು ಅಕ್ಕಪಕ್ಕದ ಶಾಲೆಗಳಿಗೆ ಕಳಿಸಲಿ. ಆ ಕೆಲಸ ಈ ವರ್ಷವೇ ಶುರುವಾಗಬೇಕು.