ಪುಟ್ಟ ಮನೆ, ಬೇರೆಯವರ ಬಯಲು

ಮೊಮ್ಮಗಳಿಗೆ ಓದಿ ಹೇಳಲು ಕೂತು ನಾನೇ ಸಿಕ್ಕಿಹಾಕಿಕೊಂಡ ಪುಸ್ತಕ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟ್ಲ್ ಹೌಸ್ ಆನ್ ದ ಪ್ರೇರಿ’. 1935ರಲ್ಲಿ ಬಂದದ್ದು. ಅಮೆರಿಕದ ಕ್ಯಾನ್ಸಸ್ ಹುಲ್ಲುಗಾವಲಿಗೆ ಕಮಾನುಗಾಡಿಯಲ್ಲಿ ಹೋಗಿ, ಮರದ ದಿಮ್ಮಿ ಪೇರಿಸಿ ಮನೆ ಕಟ್ಟಿಕೊಂಡ ಒಂದು ಸಂಸಾರದ ಕತೆ. ಬಾವಿ ತೋಡುವುದು, ಮನೆಮಂದಿಯೆಲ್ಲ ಮಲೇರಿಯಾ ಬಂದು ಮಲಗುವುದು, ಎಲ್ಲವೂ ಕಣ್ಣೆದುರೇ ನಡೆದಂತಿದೆ. ಅಪ್ಪ ಒಂದು ಮೊಳೆಯೂ ಇಲ್ಲದೆ ಬಾಗಿಲು ಮಾಡುವ ಪುಟಗಳನ್ನು ಓದಿದರೆ ನೀವೂ ಒಂದು ಬಾಗಿಲು ಮಾಡಿಬಿಡಬಹುದು!

ಆದರೆ 35 ವರ್ಷ ಲೆಡ್ಜರ್ ನೋಡಿದ ಕಣ್ಣು ಸುಮ್ಮನಿರೋಲ್ಲ. ಕತೆಯಲ್ಲಿ ಅವರು ಕ್ಯಾನ್ಸಸ್ ಬಿಡುವುದು ಸರ್ಕಾರದ ಸಿಪಾಯಿಗಳು ಬಂದು ಎಬ್ಬಿಸುತ್ತಾರೆ ಎಂಬ ಸುದ್ದಿ ಕೇಳಿ. ಲಾರಾ ಮೊದಲೇ ಬರೆದಿಟ್ಟು, 2014ರಲ್ಲಿ ಅಚ್ಚಾದ ಆತ್ಮಕಥನ ‘ಪಯನಿಯರ್ ಗರ್ಲ್’ನಲ್ಲಿ ಲೆಕ್ಕವೇ ಬೇರೆ. ವಿಸ್ಕಾನ್ಸಿನ್‌ನಲ್ಲಿದ್ದ ಇವರ ಹಳೇ ಜಮೀನು ಕೊಂಡವನು ಉಳಿದ ಹಣ ಕಟ್ಟಲಾರದೆ ವಾಪಸು ಕೊಟ್ಟ, ಇವರು ಹಿಂದಕ್ಕೆ ಹೋದರು. ಮುಂದೆ ಬರ್ ಓಕ್ ಎಂಬ ಊರಿಂದ ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಹೊರಟದ್ದೂ ಅಲ್ಲಿದೆ. ಮಕ್ಕಳ ಪುಸ್ತಕಗಳಲ್ಲಿ ಆ ಊರೇ ಇಲ್ಲ. ನಮ್ಮ ಸಂಘಗಳ ಸ್ಮರಣ ಸಂಚಿಕೆ ಬಿಡಿಸಿ ನೋಡಿ: ಎಲ್ಲರೂ ಬರಿಗೈಲಿ ಬಂದವರೇ, ಕೈಗಡ ಕೊಟ್ಟವರ ಹೆಸರು ಮಾತ್ರ ಇರೋದಿಲ್ಲ.

ಇದು ಸಣ್ಣ ತಕರಾರು. ದೊಡ್ಡದು ಜಮೀನಿನದು. ಇಂಗಲ್ಸ್ ಸಂಸಾರ ಮನೆ ಕಟ್ಟಿದ್ದು ಒಸೇಜ್ ಜನರ ಮೀಸಲು ನೆಲದಲ್ಲಿ. ಪಟ್ಟಾ ಇಲ್ಲ, ಖರೀದಿ ಇಲ್ಲ. ಆ ನಾಡಿನಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರಷ್ಟೇ ಇದ್ದರು ಎಂಬರ್ಥದ ಮಾತು ಪುಸ್ತಕದ ಶುರುವಿನಲ್ಲೇ ಇತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ ಲಾರಾ ತಪ್ಪು ಒಪ್ಪಿಕೊಂಡರು. 1953ರ ಮುದ್ರಣದಲ್ಲಿ ‘ಜನ’ ಹೋಗಿ ‘ವಲಸೆ ಬಂದು ನೆಲೆಸಿದವರು’ ಎಂದಾಯಿತು. ಪದ ಬದಲಾಯಿತು, ನೋಟ ಬದಲಾಗಲಿಲ್ಲ. ಆದರೂ ಕೊನೆಯ ಕಡೆ ಒಸೇಜ್ ಜನ ಊರು ಬಿಟ್ಟು ಮನೆ ಮುಂದೆ ಸಾಲಾಗಿ ಹಾದುಹೋಗುವಾಗ ಪುಟ್ಟ ಲಾರಾ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಯಾಕೆ ಅಂತ ಅವಳಿಗೆ ಹೇಳಲು ಬರೋಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಪ್ರಾಮಾಣಿಕವಾದ ಪುಟ ಅದೇ.

ಓದು ಅಲ್ಲಿಗೇ ನಿಂತಿತು. ನಾನು 1989ರಲ್ಲಿ ವರ್ಗವಾಗಿ ನವಿ ಮುಂಬೈಗೆ ಬಂದವನು. ಸಂಘದ ಸಂಚಿಕೆಯೊಂದಕ್ಕೆ ‘ನಾವು ಬಂದಾಗ ಇಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ’ ಅಂತ ಬರೆದಿದ್ದೆ. ಏನೂ ಇರಲಿಲ್ಲವೆ? 1970ರ ನಂತರ ಹೊಸ ಶಹರಕ್ಕೆಂದು ಆಗ್ರಿ, ಕೋಲಿ ಜನರ ಗದ್ದೆ, ಉಪ್ಪಿನಾಗರಗಳು ಹೋದವು. 1984ರ ಜನವರಿಯಲ್ಲಿ ಉರಣ ಭಾಗದಲ್ಲಿ ನ್ಯಾಯವಾದ ಪರಿಹಾರ ಕೇಳಿದವರ ಮೇಲೆ ಗೋಲಿಬಾರ್ ಆಗಿ ಐದು ಜನ ಸತ್ತರು. ನೆಲ ಕಳೆದುಕೊಂಡ ಮನೆಗಳವರು ಚೆಕ್ ಹಿಡಿದು ನನ್ನ ಕೌಂಟರಿಗೇ ಬರುತ್ತಿದ್ದರು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿ ಖಾತೆ ತೆರೆದವನು ನಾನೇ. ಬರೆಯುವಾಗ ಒಬ್ಬರೂ ನೆನಪಾಗಲಿಲ್ಲ.

‘ಅಜ್ಜ, ಅವರೆಲ್ಲ ಆಮೇಲೆ ಎಲ್ಲಿಗೆ ಹೋದರು?’ ಅಂತ ಮೊಮ್ಮಗಳು ಕೇಳಿದಳು. ನಕ್ಷೆಯಲ್ಲಿ ಒಕ್ಲಹೋಮಾ ತೋರಿಸಿದೆ. ನಮ್ಮ ಸಂಚಿಕೆಗೆ ಎರಡನೇ ಮುದ್ರಣವಿಲ್ಲ, ಅದಕ್ಕೇ ತಿದ್ದುಪಡಿ ಇಲ್ಲಿ ಬರೆದೆ.